ಅಪ್ಪೆಮಿಡಿ ಉಪ್ಪಿನಕಾಯಿನ ರೀಲ್ಸ್ ಮಾಡಿ ಮಾರೋಕೆ ಹೊರಟಾಗ ಏನೇನಾಯ್ತು

ರೀಲ್ಸ್ ಮಾಡಿ, ಬಿಸಿನೆಸ್ ತಾನಾಗೇ ಬರುತ್ತೆ ಅಂತ ಹೇಳೋರು ಬೇಕಾದಷ್ಟು ಜನ ಸಿಕ್ತಾರೆ. ರೀಲ್ ಓಡಿದ ಮಾರನೇ ದಿನ ಬೆಳಗ್ಗೆ ಎದ್ದು ಏನ್ ಮಾಡ್ಬೇಕು ಅಂತ ಹೇಳೋರು ನಂಗಂತೂ ಯಾರೂ ಸಿಗ್ಲಿಲ್ಲ. ಹೋದ ಸೀಸನ್‌ನಿಂದ ಇಲ್ಲಿವರೆಗೆ ನಮ್ಮನೆ ಅಪ್ಪೆಮಿಡಿ ಉಪ್ಪಿನಕಾಯಿನ ಇನ್‌ಸ್ಟಾಗ್ರಾಮ್, ಯೂಟ್ಯೂಬ್, ವಾಟ್ಸಾಪ್ ಮೂರರಲ್ಲೂ ಇಟ್ಟು ಮಾರಿ ಈಗ ಸ್ವಲ್ಪ ಕೂತು ಟೈಪ್ ಮಾಡೋಷ್ಟು ಪುರುಸೊತ್ತು ಸಿಕ್ಕಿದೆ. ಹಪ್ಪಳ, ಜೇನುತುಪ್ಪ, ಸೀರೆ ಏನೇ ಮಾರೋರಾದ್ರೂ ಇದ್ರಲ್ಲಿ ಅರ್ಧ ನಿಮಗೂ ಬರುತ್ತೆ, ಹಾಗಾಗಿ ಉದ್ದ ಆದ್ರೂ ಓದಿ.

ನಮ್ದು ಸಾಗರ ತಾಲೂಕು. ಅತ್ತೆ ಮೊದಲಿಂದನೂ ಮಿಡಿ ಉಪ್ಪಿನಕಾಯಿ ಹಾಕೋದ್ರಲ್ಲಿ ಎತ್ತಿದ ಕೈ, ನೆಂಟರಿಷ್ಟರು ಬಂದಾಗ ಒಂದೊಂದು ಬಾಟ್ಲಿ ತಗೊಂಡು ಹೋಗಿ, ಆಮೇಲೆ ಅವರ ಪಕ್ಕದ ಮನೆಯವ್ರು ಕೇಳಿ, ಹಾಗೇ ಬೆಂಗಳೂರಿಗೆ ಬಸ್ಸಲ್ಲಿ ಕಳ್ಸೋದು ಶುರುವಾಗಿತ್ತು. ಇದನ್ನ ಸರಿಯಾಗಿ ಮಾಡೋಣ ಅತ್ತಿಗೆ ಅಂತ ಹಠ ಹಿಡಿದಿದ್ದು ಬೆಂಗಳೂರಲ್ಲಿರೋ ನಾದಿನಿ. ಅವಳು ಹೇಳಿದ ಮೊದಲನೇ ಮಾತು ಫೋನ್ ಬಗ್ಗೆ ಅಲ್ಲ, "ಅತ್ತಿಗೆ, ವಿಡಿಯೋ ಆಮೇಲೆ, ಮೊದ್ಲು ಎಫ್‌ಎಸ್‌ಎಸ್‌ಎಐ ನಂಬರ್ ಮಾಡಿಸ್ಕೊಳ್ಳಿ" ಅಂತ. ಆಹಾರ ಮಾರೋರು ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆಲಿ ಮಾಡಿಸ್ಬೇಕಾದ ನೋಂದಣಿ ಅದು. ಅಪ್ಪೆಮಿಡಿ ಗೊತ್ತಿಲ್ಲದೋರಿಗೆ ಒಂದು ಮಾತು, ಇದು ಹೊಳೆಸಾಲಲ್ಲಿ ಬೆಳೆಯೋ ಕಾಡುಮಾವಿನ ಎಳೇ ಕಾಯಿ, ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಅಷ್ಟೇ ಸಿಗೋದು, ಆಮೇಲೆ ಎಷ್ಟು ದುಡ್ಡು ಕೊಟ್ರೂ ಇಲ್ಲ. ಈ ಒಂದು ವಿಷಯ ಮುಂದೆ ಎಲ್ಲಾ ತಲೆನೋವಿಗೂ ಮೂಲ ಆಯ್ತು, ಯಾಕಂದ್ರೆ ರೀಲ್ ಓಡ್ತು ಅಂತ ಮಿಡಿ ಜಾಸ್ತಿ ಬಿಡಲ್ಲ ಮರ.

2025ರ ಜನವರಿಲಿ ಆ ಸಂಸ್ಥೆಯವರದ್ದೇ ಫಾಸ್ಕೋಸ್ ಅನ್ನೋ ವೆಬ್‌ಸೈಟಲ್ಲಿ ಅರ್ಜಿ ಹಾಕ್ದೆ. ವರ್ಷಕ್ಕೆ 12 ಲಕ್ಷದ ಒಳಗೆ ವ್ಯಾಪಾರ ಇರೋರಿಗೆ ಆಗ ಬೇಸಿಕ್ ರಿಜಿಸ್ಟ್ರೇಷನ್ ಸಾಕಿತ್ತು, ಫೀಸು ವರ್ಷಕ್ಕೆ 100 ರೂಪಾಯಿ, ಒಂದರಿಂದ ಐದು ವರ್ಷದವರೆಗೆ ಒಟ್ಟಿಗೆ ಕಟ್ಟಬಹುದಿತ್ತು. ಪೇಟೆಲಿ ಒಬ್ರು ಇದನ್ನೇ ಮಾಡ್ಸಿಕೊಡೋಕೆ ಎರಡೂವರೆ ಸಾವಿರ ಕೇಳಿದ್ರು, ಗೂಗಲಲ್ಲಿ ಹುಡುಕಿದ್ರೂ ಮೇಲೆ ಬರೋದೆಲ್ಲ ಕನ್ಸಲ್ಟೆಂಟ್‌ಗಳ ಸೈಟುಗಳೇ, ನೋಡೋಕೆ ಥೇಟ್ ಸರ್ಕಾರಿ ಸೈಟ್ ಥರಾನೇ ಇರುತ್ತೆ. ವಿಳಾಸದ ಕೊನೆಲಿ ಗವ್ ಡಾಟ್ ಇನ್ ಇದ್ಯಾ ಅಂತ ನೋಡದೆ ಒಂದು ರೂಪಾಯಿನೂ ಕಟ್ಬೇಡಿ. ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸೋ ಉದ್ಯಮ್ ರಿಜಿಸ್ಟ್ರೇಷನ್ನೂ ಅಷ್ಟೇ, ಆಧಾರ್, ಪ್ಯಾನ್ ಇದ್ರೆ ಸಾಕು, ಪೂರ್ತಿ ಉಚಿತ, ಅದಕ್ಕೂ ದುಡ್ಡು ಕೇಳೋರಿದಾರೆ.

ನಂಗೆ ಸಿಕ್ಕಾಕ್ಕೊಂಡಿದ್ದು ವಿಳಾಸದಲ್ಲಿ. ಅರ್ಜಿ ನನ್ನ ಹೆಸರಲ್ಲಿ, ನನ್ನ ಆಧಾರ್‌ನಲ್ಲಿ ಇನ್ನೂ ತವರುಮನೆ ವಿಳಾಸ, ಉಪ್ಪಿನಕಾಯಿ ಮಾಡೋದು ಗಂಡನ ಮನೇಲಿ, ಆ ಮನೆ ಕರೆಂಟ್ ಬಿಲ್ ತೀರಿಕೊಂಡ ಮಾವನ ಹೆಸರಲ್ಲಿ. ಅರ್ಜಿ ವಾಪಸ್ ಬಂತು. ಅತ್ತೆ ಹತ್ರ ಒಪ್ಪಿಗೆ ಪತ್ರ ಬರೆಸಿ, ಮನೆ ತೆರಿಗೆ ರಶೀದಿ ಜೊತೆ ಮತ್ತೆ ಹಾಕಿದ್ಮೇಲೆ ಮುಂದಕ್ಕೆ ಹೋಯ್ತು. ಮದುವೆ ಆದ್ಮೇಲೆ ಆಧಾರ್ ವಿಳಾಸ ಬದಲಾಯಿಸದೇ ಇರೋ ಹೆಣ್ಮಕ್ಕಳು ಬಿಸಿನೆಸ್ ಯೋಚನೆ ಇದ್ರೆ ಮೊದಲು ಅದನ್ನ ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ಬ್ಯಾಂಕ್ ಕರೆಂಟ್ ಅಕೌಂಟು, ಜಿಎಸ್‌ಟಿ, ಎಲ್ಲದಕ್ಕೂ ಇದೇ ರಾಗ. ಆಮೇಲೆ ಫೋನ್ ಬಂತು, ಅಡುಗೆಮನೆ ನೋಡೋಕೆ ಬರ್ತೀವಿ ಅಂತ. ಅತ್ತೆ ಆವತ್ತು ಬೆಳಗಿನ ಜಾವಕ್ಕೇ ಎದ್ದು ಒಲೆ ಕಟ್ಟೆ ಎಲ್ಲ ತಿಕ್ಕಿ ತೊಳೆದು ಕಾದಿದ್ದೇ ಕಾದಿದ್ದು. ಬಂದೋರು ಪಾಪ ಒಳ್ಳೆಯವ್ರು, ನೀರು ಎಲ್ಲಿಂದ, ತಲೆಗೆ ಟೋಪಿ ಹಾಕ್ತೀರಾ, ಇಲಿ ಹೆಗ್ಗಣ ಬರದೇ ಇರೋಕೆ ಏನ್ ಮಾಡಿದೀರಾ ಅಂತ ಕೇಳಿ, ಭರಣಿ ಇಡೋ ಕೋಣೆ ಕಿಟಕಿಗೆ ಜಾಲರಿ ಹೊಡೆಸಿ ಅಂದು, ಹೋಗ್ವಾಗ ಒಂದು ಮಿಡಿ ರುಚಿ ನೋಡಿ ಹೋದ್ರು. 14 ಅಂಕಿ ನಂಬರ್ ಮೇಲ್‌ಗೆ ಬಂದಾಗ ನಂಗಿಂತ ಜಾಸ್ತಿ ಖುಷಿ ಆಗಿದ್ದು ಅತ್ತೆಗೆ. "ಸರ್ಕಾರದವ್ರೇ ನನ್ ಉಪ್ಪಿನಕಾಯಿ ಪಾಸ್ ಮಾಡಿದಾರೆ ಮಾರಾಯ್ತಿ" ಅಂತ ಊರೆಲ್ಲ ಹೇಳಿದ್ರು.

ಅಷ್ಟೊತ್ತಿಗೆ ಇನ್‌ಸ್ಟಾಗ್ರಾಮ್ ಅಕೌಂಟ್ ಮಾಡಿಟ್ಟಿದ್ದೆ. ಪ್ರೊಫೆಷನಲ್ ಅಕೌಂಟ್ ಅಂತ ಬದಲಾಯಿಸ್ವಾಗ ಬಿಸಿನೆಸ್ ಬೇಕಾ, ಕ್ರಿಯೇಟರ್ ಬೇಕಾ ಅಂತ ಕೇಳುತ್ತೆ. ಬಿಸಿನೆಸ್ ಒತ್ತಿದ್ರೆ ಫೋನ್ ನಂಬರು, ವಿಳಾಸ ಎಲ್ಲಾ ಬಟನ್ ಆಗಿ ಮೇಲೆ ಬರುತ್ತೆ, ಆದ್ರೆ ಸಿನಿಮಾ ಹಾಡುಗಳು ಮಾಯ. ಜಾಹೀರಾತಿಗೆ ಹಾಡು ಬಳಸೋ ಹಕ್ಕು ಬೇರೆ, ಮಾಮೂಲಿ ಜನ ಬಳಸೋ ಹಕ್ಕು ಬೇರೆ, ಹಾಗಾಗಿ ಅವರದ್ದೇ ಒಂದಿಷ್ಟು ರಾಯಲ್ಟಿ ಇಲ್ಲದ ಮ್ಯೂಸಿಕ್ ಕೊಡ್ತಾರೆ, ಅದನ್ನೇ ಹಾಕ್ಬೇಕು. ಕ್ರಿಯೇಟರ್ ಮಾಡ್ಕೊಂಡ್ರೆ ಹಾಡು ಸಿಗುತ್ತಲ್ಲ ಅಂತ ಕೆಲವರು ಐಡಿಯಾ ಕೊಟ್ರು. ಹಾಡು ಸಿಕ್ಕಿದ್ರೂ ನಾವು ಮಾರೋದು ಸಾಮಾನೇ ತಾನೆ, ಹಕ್ಕಿನವರು ಕ್ಲೇಮ್ ಹಾಕಿದ್ರೆ ಚೆನ್ನಾಗಿ ಓಡ್ತಿರೋ ವಿಡಿಯೋದೇ ಸೌಂಡ್ ಹೋಗ್ಬಿಡುತ್ತೆ. ಹಾಡೇ ಬೇಡ ಅಂತ ಬಿಟ್ವಿ. ಅದೇ ಕೊನೆಗೆ ಒಳ್ಳೇದಾಯ್ತು, ಹೇಳ್ತೀನಿ.

ವಾಟ್ಸಾಪ್ ಬಿಸಿನೆಸ್‌ಗೆ ಬೇರೆ ಸಿಮ್ ತಗೊಳ್ಳಿ, ದಯವಿಟ್ಟು. ಮನೆ ನಂಬರ್ ಹಾಕಿದ್ರೆ ರಾತ್ರಿ ಹನ್ನೊಂದಕ್ಕೆ "ಅಕ್ಕಾ ಖಾರ ಜಾಸ್ತಿನಾ" ಅಂತ ಬರೋ ಮೆಸೇಜಿಗೂ ತವರುಮನೆ ಗ್ರೂಪಿಗೂ ವ್ಯತ್ಯಾಸ ಗೊತ್ತಾಗಲ್ಲ. ಆ ಆ್ಯಪ್ ಫ್ರೀ, ಅದ್ರಲ್ಲಿ ಕ್ಯಾಟಲಾಗ್ ಮಾಡಿ ಫೋಟೋ, ಬೆಲೆ ಹಾಕಿಡಬಹುದು, ಕೇಳಿದ್ದನ್ನೇ ಕೇಳೋ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ ಬರೆದಿಟ್ಕೋಬಹುದು, ಲೇಬಲ್ ಹಾಕಿ ದುಡ್ಡು ಬಂದಿದೆ, ಪಾರ್ಸೆಲ್ ಹೋಗಿದೆ ಅಂತ ಗುರುತು ಮಾಡ್ಕೋಬಹುದು. ಈ ಲೇಬಲ್ ಅನ್ನೋದು ಇಲ್ದಿದ್ರೆ ನಾನು ಏಪ್ರಿಲ್‌ನಲ್ಲಿ ಹುಚ್ಚಿ ಆಗಿರ್ತಿದ್ದೆ.

ಶೂಟಿಂಗ್ ಅಂದ್ರೆ ಏನೂ ಇಲ್ಲ, ನನ್ನ ಹಳೇ ಫೋನು, 400 ರೂಪಾಯಿ ಟ್ರೈಪಾಡ್, 900ರದ್ದು ಒಂದು ಕಾಲರ್ ಮೈಕ್. ಲೈಟ್ ತಗೊಳ್ಳಲಿಲ್ಲ, ಹಿತ್ತಲ ಬಾಗಿಲ ಹತ್ರ ಬೆಳಗ್ಗೆ ಒಂಬತ್ತು ಹತ್ತರ ಬೆಳಕು ಯಾವ ಲೈಟಿಗೂ ಕಮ್ಮಿ ಇಲ್ಲ. ಅತ್ತೆ ಮುಖ ತೋರಿಸಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ರು, "ಎಂತಕ್ಕೆ ನನ್ ಮುಖ, ಉಪ್ಪಿನಕಾಯಿ ತೋರ್ಸು" ಅಂತ, ಹಾಗಾಗಿ ಎಲ್ಲಾದ್ರಲ್ಲೂ ಬರೀ ಕೈ, ಬಳೆ. ಅಪ್‌ಲೋಡ್ ಇನ್ನೊಂದು ಕಥೆ. ನಮ್ಮನೇಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದ್ರೆ ಹಬ್ಬ. ಇವರು ಸಂಜೆ ಡೈರಿಗೆ ಹಾಲು ಕೊಡೋಕೆ ಹೋಗ್ವಾಗ ಫೋನ್ ತಗೊಂಡು ಹೋಗಿ ಗುಡ್ಡದ ತಿರುವಲ್ಲಿ ಬೈಕ್ ನಿಲ್ಸಿ ಅಪ್‌ಲೋಡ್ ಮಾಡಿ ಬರ್ತಿದ್ರು, ಮಳೆಗಾಲದಲ್ಲಂತೂ ಕೊಡೆ ಹಿಡ್ಕೊಂಡು.

ಮೊದಲ ಒಂದೂವರೆ ತಿಂಗಳು ಯಾರೂ ನೋಡಲಿಲ್ಲ ಅಂದ್ರೂ ತಪ್ಪಿಲ್ಲ. ನೂರು, ನೂರೈವತ್ತು ವ್ಯೂಸು, ಅದ್ರಲ್ಲಿ ಅರ್ಧ ನಮ್ಮ ನೆಂಟರೇ. ನಾವು ಹಾಕ್ತಿದ್ದಿದ್ದು ಏನಪ್ಪಾ ಅಂದ್ರೆ, "ಮಲೆನಾಡಿನ ಸಾಂಪ್ರದಾಯಿಕ ರುಚಿ, ಇಂದೇ ಆರ್ಡರ್ ಮಾಡಿ" ಅಂತ ಬಾಟ್ಲಿ ತಿರುಗಿಸೋ ವಿಡಿಯೋ, ಎಲ್ಲರೂ ಹಾಕೋ ಅಂಥದ್ದೇ. ಬೇಜಾರಾಗಿ ಬಿಟ್ಬಿಡೋ ಹೊತ್ತಿಗೆ, ಉಪ್ಪಲ್ಲಿ ಹಾಕಿಟ್ಟಿದ್ದ ಮಿಡಿ ಸುಕ್ಕಾಗಿದ್ಯಾ ಅಂತ ನೋಡೋಕೆ ಅತ್ತೆ ಭರಣಿ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ತಿದ್ರು, ನಾನು ಸುಮ್ನೆ ಫೋನ್ ಹಿಡಿದೆ. ಮಾತಿಲ್ಲ, ಹಾಡಿಲ್ಲ. ಬಟ್ಟೆ ಬಿಚ್ಚಿದ್ರು, ಮೇಲೆ ಹೇರಿದ್ದ ಕಲ್ಲು ತೆಗೆದ್ರು, ಒಣಗಿದ ಮರದ ಸೌಟು ಉಪ್ಪುನೀರಿಗೆ ಇಳಿಸಿ ಒಂದು ಮಿಡಿ ಎತ್ತಿದ್ರು, ತೊಟ್ಟು ಹಾಗೇ ಇತ್ತು, ಮೈಯೆಲ್ಲ ನೆರಿಗೆ ಬಂದಿತ್ತು, ತುದಿಯಿಂದ ನೀರು ತೊಟ್ಟಿಕ್ತಿತ್ತು. ಬಾಯಿಗೆ ಹಾಕಿ ಕಚ್ಚಿದ್ರು, ಕಟುಂ ಅಂತು. ಆ ಸೌಂಡು ಮೈಕಲ್ಲಿ ಎಷ್ಟು ಚೆನ್ನಾಗಿ ಬಂದಿತ್ತು ಅಂದ್ರೆ ನಂಗೇ ಬಾಯಲ್ಲಿ ನೀರು ಬಂತು. ಹಿಂದಿಂದ ಅತ್ತೆ ದನಿ ಮಾತ್ರ, "ಇನ್ನೊಂದು ನಾಕ್ ದಿನ ಬಿಡೂದು." ಅಷ್ಟೇ ವಿಡಿಯೋ, ಅರ್ಧ ನಿಮಿಷನೂ ಇಲ್ಲ.

ಮಾರನೇ ದಿನ ಮಧ್ಯಾಹ್ನ ಅಡಿಕೆ ಸುಲಿಯೋ ಕಡೆ ಇದ್ದೆ, ನಾದಿನಿ ಫೋನು, "ಅತ್ತಿಗೆ ಇನ್‌ಸ್ಟಾ ನೋಡಿದ್ರಾ." ಇಲ್ಲಿ ನೆಟ್‌ವರ್ಕ್ ಎಲ್ಲಿ ನೋಡೋಕೆ. ಸಂಜೆ ಗುಡ್ಡದ ತಿರುವಿಗೆ ನಾನೇ ಹೋದೆ. ಲಕ್ಷ ದಾಟಿತ್ತು. ಕಾಮೆಂಟ್ ತುಂಬಾ ಅಜ್ಜಿ ಮನೆ ನೆನಪು, ಅಮೆರಿಕದಲ್ಲಿರೋರು, ಮುಂಬೈಲಿರೋರು, ನಮ್ಮೂರ ಪಕ್ಕದವ್ರೇ ಪುಣೆಯಲ್ಲಿದ್ದೋರು. ಖುಷಿ ಆಯ್ತು ನಿಜ, ಆದ್ರೆ ಅದಕ್ಕಿಂತ ಜಾಸ್ತಿ ಹೊಟ್ಟೆಯೊಳಗೆ ಕಲಸಿದ ಹಾಗಾಯ್ತು, ಯಾಕಂದ್ರೆ ನಮ್ಮ ಹತ್ರ ಇದ್ದಿದ್ದು ಒಟ್ಟು ಐದು ಭರಣಿ ಮಿಡಿ.

ಇಲ್ಲಿ ಒಂದು ಪ್ರಾಕ್ಟಿಕಲ್ ಮಾತು. ಬೆಲೆನ ವಿಡಿಯೋ ಕೆಳಗೇ ಬರೆದು ಹಾಕಿ. "ಬೆಲೆಗೆ ಮೆಸೇಜ್ ಮಾಡಿ" ಅಂತ ಹಾಕೋದು ಯಾರು ಕಲಿಸಿದ್ರೋ ಗೊತ್ತಿಲ್ಲ, ಎಲ್ಲರೂ ಅದನ್ನೇ ಮಾಡ್ತಾರೆ. ನೂರಾರು ಜನ ಬರೀ "ಪ್ರೈಸ್?" ಅಂತ ಕೇಳಿ, ಅವರಿಗೆಲ್ಲ ಉತ್ತರ ಕೊಟ್ಟು, ಅದ್ರಲ್ಲಿ ಮುಕ್ಕಾಲು ಪಾಲು ಜನ ಅಲ್ಲಿಗೇ ನಾಪತ್ತೆ. ಅರ್ಧ ಕೆಜಿ 280, ಕೊರಿಯರ್ ಬೇರೆ ಅಂತ ಬರೆದ ಮೇಲೆ ಮೆಸೇಜು ಕಮ್ಮಿ ಆಯ್ತು, ಆರ್ಡರ್ ಕಮ್ಮಿ ಆಗಲಿಲ್ಲ. ಗೊತ್ತಿಲ್ಲದೋರ ಮೆಸೇಜು ನೇರ ಇನ್‌ಬಾಕ್ಸಿಗೆ ಬರಲ್ಲ, ರಿಕ್ವೆಸ್ಟ್ಸ್ ಅಂತ ಬೇರೆ ಕಡೆ ಕೂತಿರುತ್ತೆ, ಅದರೊಳಗೆ ಹಿಡನ್ ಅಂತ ಇನ್ನೊಂದು, ಎರಡೂ ನೋಡ್ತಿರಿ. ಮತ್ತೆ ಒಂದೇ ಉತ್ತರನ ಕಾಪಿ ಪೇಸ್ಟ್ ಮಾಡಿ ಪಟಪಟ ಅಂತ ಎಲ್ಲರಿಗೂ ಕಳ್ಸಿದ್ರೆ ಯಾವ ಆ್ಯಪ್ ಆದ್ರೂ ಸ್ಪ್ಯಾಮ್ ಅಂದ್ಕೊಂಡು ಸ್ವಲ್ಪ ಹೊತ್ತು ಕಳ್ಸೋದನ್ನೇ ನಿಲ್ಲಿಸಿಬಿಡುತ್ತೆ, ಲಿಂಕ್ ಇದ್ರಂತೂ ಕೇಳೋದೇ ಬೇಡ. ಪ್ರೊಫೈಲಲ್ಲಿ ಒಂದೇ ವಾಟ್ಸಾಪ್ ಲಿಂಕ್ ಇಟ್ಟು ಎಲ್ಲರನ್ನೂ ಅಲ್ಲಿಗೆ ಕರ್ಕೊಳ್ಳೋದೇ ವಾಸಿ.

ಇದ್ದ ಮಾಲು ಇಷ್ಟು, ಮೊದಲು ದುಡ್ಡು ಹಾಕ್ದೋರಿಗೆ ಮೊದಲು, ಉಳಿದೋರಿಗೆ ಮೇ ತಿಂಗಳು ಅಂತ ಒಂದು ವಿಡಿಯೋ ಹಾಕಿದ್ವಿ. ರಿಪ್ಪನ್‌ಪೇಟೆ, ಸಾಗರ, ಸಿರ್ಸಿ ಕಡೆ ಎಲ್ಲಿ ಒಳ್ಳೆ ಮಿಡಿ ಬಂದಿದೆ ಅಂತ ಇವರು ಓಡಾಡಿದ್ರು. ಮಿಡಿ ಮಾರೋದು ಎಣಿಕೆ ಲೆಕ್ಕದಲ್ಲಿ, ನೂರಕ್ಕಿಷ್ಟು ಅಂತ. ನಾವು ಕೊಂಡ ಜೀರಿಗೆ ಪರಿಮಳದ ಮಿಡಿಗೆ ಆಗ ನೂರಕ್ಕೆ ಮುನ್ನೂರರ ಮೇಲೇ ಬಿತ್ತು, ಅದೂ ಕೈಯಲ್ಲಿ ಕೊಯ್ದು ನಿಧಾನ ಇಳಿಸಿದ್ದು, ಉದುರಿಸಿದ್ದಲ್ಲ. ಬಿದ್ದು ಪೆಟ್ಟಾದ ಮಿಡಿ ಒಂದು ಸೇರಿದ್ರೂ ಭರಣಿಯೇ ಕೆಡುತ್ತೆ. ತೊಟ್ಟು ಮುರಿದು ಸೊನೆ ಹೋದ್ರೆ ಪರಿಮಳನೂ ಹೋಯ್ತು, ಬಾಳಿಕೆನೂ ಹೋಯ್ತು. "ಅರ್ಧ ಕೆಜಿಗೆ 280ಆ, ಸೂಪರ್ ಮಾರ್ಕೆಟಲ್ಲಿ ನೂರು ರೂಪಾಯಿಗೆ ಸಿಗುತ್ತೆ" ಅಂತ ಕಾಮೆಂಟ್ ಹಾಕೋರಿಗೆ ನಾನು ವಾದ ಮಾಡೋಕೆ ಹೋಗಲಿಲ್ಲ, ಇವರು ಮಿಡಿ ಎಣಿಸಿ ದುಡ್ಡು ಕೊಡೋದು, ಅತ್ತೆ ಒಂದೊಂದನ್ನೇ ಬಟ್ಟೆಲಿ ಒರೆಸಿ ಪೆಟ್ಟಾಗಿದ್ದನ್ನ ಬದಿಗೆ ಹಾಕೋದು, ಅದನ್ನೇ ವಿಡಿಯೋ ಮಾಡಿ ಹಾಕ್ದೆ. ಬೆಲೆ ಜಗಳಕ್ಕೆ ಅದು ಇವತ್ತಿಗೂ ಉತ್ತರ ಕೊಡ್ತಿದೆ, ಕಾಮೆಂಟಲ್ಲಿ ಬೇರೆಯವ್ರೇ ಅದರ ಲಿಂಕ್ ಹಾಕ್ತಾರೆ.

ಈಗ ಪ್ಯಾಕಿಂಗು. ಇದ್ರಲ್ಲಿ ನಾವು ಅನುಭವಿಸಿದ್ದು ಅಷ್ಟಿಷ್ಟಲ್ಲ. ಅಪ್ಪೆಮಿಡಿ ಎಣ್ಣೆ ಉಪ್ಪಿನಕಾಯಿ ಅಲ್ಲ, ಉಪ್ಪುನೀರಲ್ಲೇ ಖಾರ ಸಾಸಿವೆ ಕಲಸೋದು, ಹಾಗಾಗಿ ರಸ ತೆಳ್ಳಗೆ, ಸಣ್ಣ ಸಂದಿ ಸಿಕ್ಕಿದ್ರೂ ಹೊರಗೆ. ಗಾಜಿನ ಬಾಟ್ಲಿಲಿ ಕಳ್ಸಿದ ಮೊದಲ ಕಂತಲ್ಲಿ ಎಷ್ಟೋ ಬಾಟ್ಲಿ ಒಡೆದು, ಒಂದು ಪಾರ್ಸೆಲಿಂದ ಸೋರಿದ ಕೆಂಪು ರಸ ಬೇರೆ ಯಾರದ್ದೋ ಬಟ್ಟೆ ಪಾರ್ಸೆಲ್ ಹಾಳು ಮಾಡಿ, ಆ ಕೊರಿಯರಿನವ್ರು ಇನ್ಮೇಲೆ ಉಪ್ಪಿನಕಾಯಿ ತಗೊಳ್ಳಲ್ಲ ಅಂತ ಕೈ ಮುಗಿದ್ರು. ಒಡೆದ ಬಾಟ್ಲಿ ಫೋಟೋ ಒಬ್ರು ಸ್ಟೋರಿಗೆ ಹಾಕಿ ನಮ್ಮನ್ನ ಟ್ಯಾಗ್ ಮಾಡಿದಾಗ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅವರಿಗೆ ಬೇರೆ ಕಳ್ಸಿ, ಹೊಸ ಪ್ಯಾಕಿಂಗ್ ಹೆಂಗೆ ಮಾಡ್ತಿದೀವಿ ಅಂತ ಅವರ ಹೆಸರು ಹೇಳದೆ ವಿಡಿಯೋ ಹಾಕಿದ್ವಿ. ಆಮೇಲೆ ಅವರೇ ಮೂರು ಮನೆಗೆ ತರಿಸಿಕೊಟ್ರು.

ಹೊಸ ಪ್ಯಾಕಿಂಗ್ ಅಂದ್ರೆ, ಫುಡ್ ಗ್ರೇಡ್ ಪೆಟ್ ಪ್ಲಾಸ್ಟಿಕ್ ಜಾರು, ಬಾಯಿಗೆ ವ್ಯಾಡ್ ಅಂದ್ರೆ ಬಿಸಿಗೆ ಅಂಟೋ ಫಾಯಿಲ್ ಬಿಲ್ಲೆ ಹಾಕಿ ಕೈಯಲ್ಲಿ ಹಿಡಿಯೋ ಇಂಡಕ್ಷನ್ ಸೀಲಿಂಗ್ ಮಷೀನಿಂದ ಸೀಲು, ಮೇಲೆ ಮುಚ್ಚಳ, ಮುಚ್ಚಳಕ್ಕೆ ಟೇಪು, ಜಿಪ್ ಕವರು, ಬಬಲ್ ರ್ಯಾಪು, ಆಮೇಲೆ ಡಬ್ಬ. ಮಷೀನಿಗೆ ನಾಲ್ಕು ಸಾವಿರದ ಚಿಲ್ಲರೆ ಆಯ್ತು. ಜಾರಿನ ಬಾಯಲ್ಲಿ ಒಂದು ಹನಿ ರಸ ಇದ್ರೂ ಸೀಲ್ ಕೂರಲ್ಲ, ಒಣ ಬಟ್ಟೆಲಿ ಒರೆಸಿ ಹಿಡೀಬೇಕು, ಆಮೇಲೆ ಒಂದು ರಾತ್ರಿ ಜಾರ್ ತಲೆಕೆಳಗೆ ಮಾಡಿ ಪೇಪರ್ ಮೇಲೆ ಇಟ್ಟು ನೋಡಿ, ಕಲೆ ಇಲ್ದಿದ್ರೆ ಮಾತ್ರ ಡಬ್ಬಕ್ಕೆ. ಈಗ ಹೆಚ್ಚಿಗೆ ಸ್ಪೀಡ್ ಪೋಸ್ಟಲ್ಲೇ ಹೋಗುತ್ತೆ. ಬುಕ್ ಮಾಡಿದ ತಕ್ಷಣ ಟ್ರ್ಯಾಕಿಂಗ್ ನಂಬರ್ ಫೋಟೋ ತೆಗೆದು ಗಿರಾಕಿಗೆ ಕಳ್ಸಿಬಿಡಿ, "ಎಲ್ಲಿಗೆ ಬಂತು ಅಕ್ಕಾ" ಅನ್ನೋ ಮೆಸೇಜು ಅರ್ಧಕ್ಕರ್ಧ ನಿಂತು ಹೋಗುತ್ತೆ.

ಲೇಬಲ್ಲಿಗೂ ನಿಯಮ ಇದೆ. ಏನೇನು ಹಾಕಿದೀವಿ ಅನ್ನೋದು ಜಾಸ್ತಿ ಇರೋದ್ರಿಂದ ಕಮ್ಮಿ ಇರೋದಕ್ಕೆ ಅನುಕ್ರಮವಾಗಿ, ನಿವ್ವಳ ತೂಕ, ಎಲ್ಲಾ ತೆರಿಗೆ ಸೇರಿ ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸ್ಬೇಕು, ಬ್ಯಾಚ್ ನಂಬರು, ಹಸಿರು ಚೌಕದೊಳಗೆ ಹಸಿರು ಚುಕ್ಕಿ, ಎಫ್‌ಎಸ್‌ಎಸ್‌ಎಐ ನಂಬರು, ವಿಳಾಸ, ದೂರು ಹೇಳೋಕೆ ಫೋನ್ ನಂಬರು. ವಿಡಿಯೋದಲ್ಲೂ ನಾಲಿಗೆ ಹಿಡಿತದಲ್ಲಿರ್ಬೇಕು, ಶುಗರ್ ಇಳಿಯುತ್ತೆ, ಜೀರ್ಣದ ಕಾಯಿಲೆ ವಾಸಿ ಆಗುತ್ತೆ ಅಂತೆಲ್ಲ ಆಹಾರದ ಮೇಲೆ ಹೇಳೋ ಹಾಗಿಲ್ಲ. ಅತ್ತೆ ಒಂದು ವಿಡಿಯೋದಲ್ಲಿ "ಹೊಟ್ಟೆನೋವಿಗೆ ಒಳ್ಳೇದು" ಅಂದಿದ್ರು, ಅದನ್ನ ಕಟ್ ಮಾಡ್ಬೇಕಾಯ್ತು, ಅವರಿಗೆ ಇನ್ನೂ ಸಿಟ್ಟಿದೆ.

ದುಡ್ಡಿನ ವಿಷಯ ಬೇರೇನೇ. ಕ್ಯಾಶ್ ಆನ್ ಡೆಲಿವರಿ ಇಟ್ಕೊಳ್ಳಲೇ ಇಲ್ಲ ನಾವು, ಯುಪಿಐ ಮಾತ್ರ. ಅದರಲ್ಲೂ ನಕಲಿ ಸ್ಕ್ರೀನ್‌ಶಾಟ್ ಕಳ್ಸೋರು ಬಂದ್ರು, ನೋಡೋಕೆ ಅಸಲಿ ಹಾಗೇ, ಹಸಿರು ಟಿಕ್ಕು, ನಂಬರು ಎಲ್ಲ ಇರುತ್ತೆ. ಬ್ಯಾಂಕಿಂದ ದುಡ್ಡು ಬಂದಿದ್ದು ಕಾಣೋವರೆಗೆ ಜಾರ್ ಮುಟ್ಟೋದಿಲ್ಲ ಅನ್ನೋದು ಮನೆ ಕಾನೂನು ಈಗ. ಒಬ್ಬ ಆರ್ಮಿ ಕ್ಯಾಂಟೀನಿಗೆ ಐವತ್ತು ಕೆಜಿ ಬೇಕು ಅಂತ ಹಿಂದಿಲಿ ಮಾತಾಡಿ, ಅಡ್ವಾನ್ಸ್ ಕಳ್ಸ್ತೀನಿ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ದುಡ್ಡು ಬರೋಕೆ ಪಿನ್ ಬೇಡ್ವೇ ಬೇಡ, ಪಿನ್ ಹಾಕಿದ್ರೆ ಹೋಗೋದೇ. ಇವರು ಫೋನ್ ತಗೊಂಡು ಕನ್ನಡದಲ್ಲೇ ಚೆನ್ನಾಗಿ ವಿಚಾರಿಸ್ಕೊಂಡ್ರು. ಯಾರಿಗಾದ್ರೂ ಹಂಗೆ ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಆದಷ್ಟೂ ಸಿಗೋ ಆಸೆ ಕಮ್ಮಿ.

ಫಾಲೋವರ್ಸ್ ಜಾಸ್ತಿ ಆದ್ರೆ ಇನ್ನೊಂದು ಥರದವ್ರು ಬರ್ತಾರೆ. "ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಬಂದ್ ಆಗುತ್ತೆ, ಈ ಲಿಂಕ್ ಒತ್ತಿ" ಅಂತ ಕಂಪನಿ ಲೋಗೋ ಹಾಕ್ಕೊಂಡು ಮೆಸೇಜು. ಅವರಿಗೆ ಬೇಕಿರೋದು ಪಾಸ್‌ವರ್ಡು. ನಿಜವಾದ ನೋಟಿಸ್ ಇದ್ರೆ ಆ್ಯಪ್ ಒಳಗೆ ಅಕೌಂಟ್ ಸ್ಟೇಟಸ್ ಅನ್ನೋ ಕಡೆ ಕಾಣುತ್ತೆ, ಇನ್‌ಬಾಕ್ಸಿಗೆ ಬರಲ್ಲ. ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳೋ ಟೂ ಫ್ಯಾಕ್ಟರ್ ಇವತ್ತೇ ಹಾಕಿಡಿ, ಬ್ಯಾಕಪ್ ಕೋಡ್ ಕಾಗದದಲ್ಲಿ ಬರೆದು ಬೀರುವಲ್ಲಿಡಿ. ಆಮೇಲೆ ಇನ್‌ಫ್ಲುಯೆನ್ಸರ್‌ಗಳು. ಒಬ್ರು ಎರಡು ಕೆಜಿ ಉಪ್ಪಿನಕಾಯಿ ಮತ್ತೆ 8,000 ಕೇಳಿದ್ರು, ಪ್ರಮೋಷನ್ ಅಂತ ಎಲ್ಲೂ ಹಾಕಲ್ಲ, ನಾನೇ ಕೊಂಡು ತಿಂದ ಹಾಗೆ ಮಾಡ್ತೀನಿ ಅಂತ ಅದನ್ನೇ ದೊಡ್ಡದಾಗಿ ಹೇಳಿದ್ರು. ದುಡ್ಡು ಅಥವಾ ಸಾಮಾನು ತಗೊಂಡು ಹೊಗಳಿದ್ರೆ ಅದು ಜಾಹೀರಾತು ಅಂತ ಸ್ಪಷ್ಟ ಹೇಳ್ಬೇಕು ಅಂತ 2023ರಿಂದ ಕೇಂದ್ರದ್ದೇ ಮಾರ್ಗಸೂಚಿ ಇದೆ. ಬೇಡ ಅಂದ್ವಿ. ಅದೇ ದುಡ್ಡಲ್ಲಿ ಹೆಚ್ಚುಕಮ್ಮಿ ಸೀಲಿಂಗ್ ಮಷೀನ್ ಎರಡು ಬರುತ್ತೆ.

ಬೂಸ್ಟ್, ಅಂದ್ರೆ ದುಡ್ಡು ಕೊಟ್ಟು ವಿಡಿಯೋನ ಜಾಸ್ತಿ ಜನಕ್ಕೆ ತೋರ್ಸೋದು, ಅದನ್ನೂ ಮಾಡಿ ನೋಡಿದ್ವಿ, ಸುಳ್ಳು ಹೇಳಲ್ಲ. ಅದಕ್ಕೆ ಕೊಡೋ ದುಡ್ಡಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತೆ, ಸಾವಿರ ರೂಪಾಯಿ ಜಾಹೀರಾತು ಅಂದ್ರೆ 1,180 ಅಂತ ಲೆಕ್ಕ ಹಾಕ್ಕೊಳ್ಳಿ. ಗುರಿ ಏನು ಅಂತ ಕೇಳಿದಾಗ ಪ್ರೊಫೈಲ್ ನೋಡೋರು ಬೇಕು ಅಂದ್ರೆ ನೋಡೋರೇ ಬರ್ತಾರೆ, ಉಪ್ಪಿನಕಾಯಿ ತಿನ್ನೋರಲ್ಲ. ಮೆಸೇಜ್ ಅನ್ನೋದನ್ನ ಆರಿಸಿ, ಜಾಗ ಬೆಂಗಳೂರು ಮೈಸೂರು ಅಷ್ಟೇ ಇಟ್ಟು, ಈಗಾಗ್ಲೇ ತಾನಾಗಿ ಚೆನ್ನಾಗಿ ಓಡಿರೋ ವಿಡಿಯೋಗೆ ಮಾತ್ರ ದುಡ್ಡು ಹಾಕಿದಾಗ ಅಷ್ಟಕ್ಕಷ್ಟೇ ಲಾಭ ಬಂತು. ಓಡದೇ ಇರೋ ವಿಡಿಯೋಗೆ ದುಡ್ಡು ಸುರಿದ್ರೆ ನೀರಲ್ಲಿ ಹೋಮ. ಐಫೋನ್ ಆ್ಯಪಿಂದ ಬೂಸ್ಟ್ ಒತ್ತಿದ್ರೆ ಆ್ಯಪಲ್‌ನವರ ಕಮಿಷನ್ ಬೇರೆ ಸೇರಬಹುದು, ಬ್ರೌಸರಿಂದ ಮಾಡಿದ್ರೆ ಆ ಗೋಳಿಲ್ಲ.

ಯೂಟ್ಯೂಬ್ ಬಗ್ಗೆ ನಂಗೆ ಮೊದಲು ನಂಬಿಕೆನೇ ಇರ್ಲಿಲ್ಲ. ಶಾರ್ಟ್ಸ್ ಈಗ ಮೂರು ನಿಮಿಷದವರೆಗೂ ಹಾಕಬಹುದು, ಇನ್‌ಸ್ಟಾಗೆ ಮಾಡಿದ್ದನ್ನೇ ಅಲ್ಲೂ ಹಾಕ್ತಿದ್ದೆ, ಆದ್ರೆ ಶಾರ್ಟ್ಸ್ ಕೆಳಗೆ ಬರೆದ ಲಿಂಕ್ ಒತ್ತಿದ್ರೆ ತೆರೆಯಲ್ಲ, ಅದು ಬೇಕಂತಲೇ ಅವರು ತೆಗೆದಿರೋದು. ಕೆಲಸ ಮಾಡಿದ್ದು ಒಂದು ಉದ್ದದ ವಿಡಿಯೋ. ಮಿಡಿ ಕೊಯ್ಯೋದರಿಂದ ಹಿಡಿದು, ಕಲ್ಲುಪ್ಪಲ್ಲಿ ಪದರ ಪದರ ಹಾಕೋದು, ದಿನಾ ಕಲಕೋದು, ಸುಕ್ಕಾದ ಮೇಲೆ ಉಪ್ಪುನೀರು ಕುದಿಸಿ ಆರಿಸೋದು, ಬ್ಯಾಡಗಿ ಮೆಣಸು ಸಾಸಿವೆ ಬೀಸಿ ಕಲಸೋದು, ಅಳತೆ ಸಮೇತ, ಏನೂ ಮುಚ್ಚಿಡದೆ. "ಎಲ್ಲಾ ಹೇಳ್ಕೊಟ್ರೆ ನಮ್ಮತ್ರ ಯಾರ್ ತಗೊಳ್ತಾರೆ" ಅಂತ ಅತ್ತೆ ಗೊಣಗಿದ್ರು. ನೋಡಿದೋರು ಕೊನೆಗೆ ಹೇಳೋದು ಒಂದೇ, ನಮ್ಮ ಕೈಲಿ ಇಷ್ಟೆಲ್ಲ ಆಗಲ್ಲ ಆಂಟಿ, ಒಂದು ಕೆಜಿ ಕಳ್ಸಿ. ರೀಲ್ ಎರಡು ವಾರದಲ್ಲಿ ತಣ್ಣಗಾಯ್ತು, ಈ ವಿಡಿಯೋ ಹುಡುಕೋರಿಗೆ ಇವತ್ತೂ ಸಿಗುತ್ತೆ. ಫೋನ್ ಮಾಡೋರನ್ನ ಎಲ್ಲಿ ನೋಡಿದ್ರಿ ಅಂತ ಕೇಳಿ ಪುಸ್ತಕದಲ್ಲಿ ಬರೆದಿಡ್ತೀನಿ. ಹೆಸರು ಮಾಡಿದ್ದು ರೀಲು, ಮತ್ತೆ ಮತ್ತೆ ತರಿಸ್ಕೊಳ್ಳೋರು ಬಂದಿದ್ದು ಜಾಸ್ತಿ ಈ ಉದ್ದ ವಿಡಿಯೋದಿಂದ. ಯೂಟ್ಯೂಬಿಂದಾನೇ ದುಡ್ಡು ಬರ್ಬೇಕು ಅಂದ್ರೆ ಸಾವಿರ ಸಬ್‌ಸ್ಕ್ರೈಬರ್ಸು, ವರ್ಷದಲ್ಲಿ 4,000 ಗಂಟೆ ನೋಡಿರ್ಬೇಕು ಅಂತೆಲ್ಲ ಲೆಕ್ಕ ಇದೆ, ಅದರ ಹಿಂದೆ ನಾನು ಬಿದ್ದಿಲ್ಲ. ನಮ್ಗೆ ಮಾರ್ಬೇಕಿರೋದು ಮಿಡಿ.

ಹೊರ ರಾಜ್ಯದ ಆರ್ಡರ್ ಇಟ್ಕೊಂಡು ಕೂತಿದ್ವಲ್ಲ, ಪುಣೆ, ಮುಂಬೈ, ಹೈದರಾಬಾದು, ಅದಕ್ಕೆ ಅಡ್ಡ ಬಂದಿದ್ದು ಜಿಎಸ್‌ಟಿ. ಕರ್ನಾಟಕದೊಳಗೇ ಸಾಮಾನು ಮಾರೋದಾದ್ರೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಕಿಲ್ಲ, ಆದ್ರೆ ಇಂಥ ಸಾಮಾನನ್ನ ಬೇರೆ ರಾಜ್ಯಕ್ಕೆ ಒಂದು ಜಾರ್ ಕಳ್ಸಿದ್ರೂ ನೋಂದಣಿ ಕಡ್ಡಾಯ. ಸಣ್ಣ ವ್ಯಾಪಾರಿಗಳು ಒಟ್ಟು ವ್ಯಾಪಾರದ ಮೇಲೆ ಕಮ್ಮಿ ದರದಲ್ಲಿ ತೆರಿಗೆ ಕಟ್ಟೋ ಕಾಂಪೊಸಿಷನ್ ಸ್ಕೀಮ್ ತಗೊಂಡ್ರೆ ಸುಲಭ ಅಂತಾರೆ, ಅದ್ರಲ್ಲಿ ಹೊರ ರಾಜ್ಯಕ್ಕೆ ಮಾರೋ ಹಾಗೇ ಇಲ್ಲ. ಹಾಗಾಗಿ ಮೊದಲ ಸೀಸನ್ ಪೂರ್ತಿ ರಾಜ್ಯದೊಳಗೆ ಮಾತ್ರ ಅಂತ ಪ್ರೊಫೈಲಲ್ಲೇ ಬರೆದ್ವಿ, ಬೈಸ್ಕೊಂಡ್ವಿ. 2025ರ ಜುಲೈಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವ್ರಿಗೆಲ್ಲ ನೋಟಿಸ್ ಬಂದು ಅಂಗಡಿಗಳ ಮುಂದೆ "ನೋ ಯುಪಿಐ" ಬೋರ್ಡ್ ಬಿತ್ತಲ್ಲ, ಆವಾಗ ಇವರು ಗಟ್ಟಿ ಮನಸು ಮಾಡಿ ಆಡಿಟರ್ ಹತ್ರ ಹೋದ್ರು. ಸರ್ಕಾರಕ್ಕೆ ನೋಂದಣಿ ಫೀಸು ಏನೂ ಇಲ್ಲ, ಆಡಿಟರಿಗೆ ಎರಡು ಸಾವಿರ ಕೊಟ್ವಿ. ಮತ್ತೆ ಅದೇ ಕರೆಂಟ್ ಬಿಲ್ ಪ್ರಶ್ನೆ, ಮತ್ತೆ ಅದೇ ಒಪ್ಪಿಗೆ ಪತ್ರ, ಈ ಸಲ ಕಾಪಿ ರೆಡಿ ಇತ್ತು. ತಗೊಂಡ ಮೇಲೆ ವ್ಯಾಪಾರ ಇಲ್ದಿರೋ ತಿಂಗಳಿಗೂ ನಿಲ್ ರಿಟರ್ನ್ ಹಾಕಲೇಬೇಕು, ಮರೆತ್ರೆ ಲೇಟ್ ಫೀಸು. ನಮ್ಮಂಥ ಸೀಸನ್ ವ್ಯಾಪಾರದವ್ರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋ ಆಯ್ಕೆ ಕೇಳಿ ತಗೊಳ್ಳಿ.

ಕೊನೇ ಹೊಡೆತ ಬಂದಿದ್ದು ಮೊನ್ನೆ ಮೊನ್ನೆ. ಗಿರಾಕಿ ಒಬ್ರು ಫೋನ್ ಮಾಡಿ, ದುಡ್ಡು ಹಾಕಿ ತಿಂಗಳಾಯ್ತು ಉಪ್ಪಿನಕಾಯಿ ಬಂದಿಲ್ಲ ಅಂತ ಕೂಗಾಡಿದ್ರು. ನೋಡಿದ್ರೆ ನಮ್ಮ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಯಾರೋ ನಮ್ಮ ವಿಡಿಯೋಗಳನ್ನೇ ತೆಗೆದು, ನಮ್ಮ ಹೆಸರಿಗೆ ಒಂದಕ್ಷರ ಸೇರಿಸಿ ಪೇಜ್ ಮಾಡಿ, ಅವರ ನಂಬರ್ ಹಾಕಿ ದುಡ್ಡು ತಗೊಳ್ತಿದ್ರು. ಅತ್ತೆ ಕೈ, ಅತ್ತೆ ಬಳೆ, ಆ ಕಟುಂ ಸೌಂಡು, ನಂಬರ್ ಮಾತ್ರ ಯಾರದ್ದೋ. ಮಾಮೂಲಿ ರಿಪೋರ್ಟ್ ಬಟನ್ ಒತ್ತಿದ್ದಕ್ಕೆ ಏನೂ ಆಗಲಿಲ್ಲ, ಕಾಪಿರೈಟ್ ದೂರಿನ ಫಾರ್ಮ್ ಅಂತ ಬೇರೆ ಇರುತ್ತೆ, ಅದ್ರಲ್ಲಿ ನಮ್ಮ ಮೂಲ ವಿಡಿಯೋ ಲಿಂಕ್, ಅವರದ್ದು ಲಿಂಕ್ ಒಂದೊಂದಾಗಿ ಹಾಕಿ ಕಳ್ಸಿದ ಮೇಲೆ ಇಳಿಸಿದ್ರು. ಮೂಲ ಫೈಲುಗಳನ್ನ ಫೋನಿಂದ ಡಿಲೀಟ್ ಮಾಡ್ಬೇಡಿ, ಒಂದು ಪೆನ್‌ಡ್ರೈವಿಗೆ ಹಾಕಿಡಿ, ನಮ್ದೇ ಅಂತ ತೋರ್ಸೋಕೆ ಬೇಕಾಗುತ್ತೆ. ಸೈಬರ್ ಕ್ರೈಮ್ ಪೋರ್ಟಲಲ್ಲೂ ದೂರು ಕೊಟ್ಟಿದೀವಿ, ದುಡ್ಡು ಕಳ್ಕೊಂಡ ಆ ಗಿರಾಕಿ ಕೈಲೂ ಕೊಡ್ಸಿದ್ವಿ.

ಅದಾದ್ಮೇಲೆ ನಮ್ಮ ಹೆಸರನ್ನ ಬೇರೆಯವ್ರು ಬಳಸದ ಹಾಗೆ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದ್ವಿ. ಅಲ್ಲಿ ಸಾಮಾನುಗಳನ್ನ ಕ್ಲಾಸ್ ಅಂತ ವಿಂಗಡಿಸಿರ್ತಾರೆ, ಉಪ್ಪಿನಕಾಯಿ 29ನೇ ಕ್ಲಾಸಲ್ಲಿ ಬರುತ್ತೆ, ಆನ್‌ಲೈನ್ ಅರ್ಜಿಗೆ ಕಂಪನಿಗಳಿಗೆ 9,000, ಒಬ್ಬರದ್ದೇ ಹೆಸರಲ್ಲಿ ಅಥವಾ ಉದ್ಯಮ್ ಸರ್ಟಿಫಿಕೇಟ್ ಇರೋ ಸಣ್ಣ ಉದ್ಯಮಕ್ಕೆ 4,500. ಆವತ್ತು ಫ್ರೀಯಾಗಿ ಮಾಡ್ಕೊಂಡ ಉದ್ಯಮ್ ಸರ್ಟಿಫಿಕೇಟು ಇಲ್ಲಿ ಉಪಯೋಗಕ್ಕೆ ಬಂತು. ಸಿಗೋಕೆ ಟೈಮ್ ಹಿಡಿಯುತ್ತಂತೆ, ಅಲ್ಲಿವರೆಗೆ ಹೆಸರಿನ ಪಕ್ಕ ಟಿಎಂ ಅಂತ ಹಾಕ್ಕೋಬಹುದು, ಹೊಸ ಲೇಬಲ್ ಪ್ರಿಂಟಿಗೆ ಕೊಟ್ಟಿದೀನಿ. ಅತ್ತೆ ಈ ಸಲ ಮಿಡಿ ಜೊತೆ ಕಂಚಿಕಾಯಿದೂ ಹಾಕೋಣ ಅಂತಿದಾರೆ, ಅದಕ್ಕೆ ಫಾಸ್ಕೋಸಲ್ಲಿ ಏನಾದ್ರೂ ಸೇರಿಸ್ಬೇಕಾ ಅಂತ ಸೋಮವಾರ ಫುಡ್ ಆಫೀಸಿಗೆ ಹೋಗಿ ಕೇಳ್ಕೊಂಡು ಬರ್ಬೇಕು.